ಎಬ್ಬಿಸುವ ವಿದ್ಯೆ

ಏಳುವುದು ಎಷ್ಟು ದೊಡ್ಡ ಕೆಲಸವೆಂಬುದನ್ನು ನಾವು ಯಾರೂ ಆಲೋಚಿಸುವುದಿಲ್ಲ. ದಿನದಿನವೂ ಏಳುತ್ತೇವಾದ್ದರಿಂದ ಅದು ಕೆಲಸವೆಂದೇ ನಮಗೆ ತೋರುವುದಿಲ್ಲ. ಆದರೆ ಒಂದು ತುಂಬಿದ ಮನೆ ಬೆಳಿಗ್ಗೆ ಏಳುವ ಕ್ರಮವನ್ನು ಸ್ವಲ್ಪ ದೂರ ನಿಂತು ನೋಡಿರಿ. ಎಲ್ಲರಿಗಿಂತ ಮೊದಲು ಏಳುವವರು ಮನೆಯ ಹಿರಿಯರು. ಅವರು ಕೆಮ್ಮಿ, ದೀಪ ಹಾಕಿ, ಮುಂಬಾಗಿಲಿನ ಅಗುಳಿ ತೆಗೆದ ಸದ್ದಿಗೆ ಸೊಸೆ ಏಳುತ್ತಾಳೆ. ಸೊಸೆ ಹಾಲು ಕಾಯಲಿಟ್ಟು ಗಂಡನನ್ನು ಎಬ್ಬಿಸುತ್ತಾಳೆ. ಗಂಡನು ಕಾಫಿ ಕುಡಿದು, ವರ್ತಮಾನಪತ್ರಿಕೆಯನ್ನು ಮಡಿಸಿಟ್ಟು ಮಕ್ಕಳನ್ನು ಎಬ್ಬಿಸುತ್ತಾನೆ. ಎಂಟು ಗಂಟೆಯ ವೇಳೆಗೆ ಮನೆಯೆಲ್ಲ ಗಿಜಿಗುಟ್ಟುತ್ತಿರುತ್ತದೆ. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿತೆಂದರೆ ಮುಂದಿನವರು ಯಾರೂ ಏಳುವುದಿಲ್ಲ. ಮಕ್ಕಳು ಶಾಲೆಗೆ ತಡವಾಗಿ ಹೋದರೆಂದು ಅವರ ಕಿವಿ ಹಿಂಡುವುದಕ್ಕೆ ಮುಂಚೆ, ಸರಪಣಿ ಎಲ್ಲಿ ಕಳಚಿತೆಂದು ನೋಡುವುದು ವಿವೇಕಿಗಳ ಲಕ್ಷಣ.

ನಮ್ಮ ಮನೆಗಳ ಲ್ಯಾಪ್‌ಟಾಪುಗಳು ಏಳುವುದೂ ಹೀಗೆಯೇ. ಗುಂಡಿ ಒತ್ತಿದೊಡನೆ ವಿದ್ಯುದ್ದೀಪ ಹತ್ತುವಂತೆ ಅವು ಹತ್ತುವುದಿಲ್ಲ. ಯಂತ್ರವನ್ನು ನಡೆಸುವುದು ಆಪರೇಟಿಂಗ್ ಸಿಸ್ಟಂ ಎಂಬ ಆದೇಶಗಳ ದೊಡ್ಡ ಕಟ್ಟು. ಆ ಕಟ್ಟು ಇರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಓದುವ ವಿದ್ಯೆ ಇರುವುದಾದರೋ ಆ ಕಟ್ಟಿನಲ್ಲಿಯೇ! ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಯಿತಲ್ಲವೆ? ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ತಾರ್ಕಿಕರು ಹೇಳುವುದುಂಟು. ಯಂತ್ರ ನಿರ್ಮಿಸಿದವರಿಗೂ ಎದುರಾದದ್ದು ಇದೇ ತೊಡಕು. ಆದ್ದರಿಂದಲೇ ಅವರು ೧೯೫೦ರ ದಶಕದಲ್ಲಿ, ಯಂತ್ರವನ್ನು ಎಬ್ಬಿಸುವ ಕ್ರಮಕ್ಕೆ ‘ಬೂಟ್‌ಸ್ಟ್ರಾಪ್’ ಎಂದು ಹೆಸರಿಟ್ಟರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದು ಎಂದು ಅದರ ಅರ್ಥ. ಇಂದು ಎಲ್ಲರ ಬಾಯಲ್ಲಿಯೂ ಇರುವ ‘ಬೂಟ್ ಆಗುವುದು’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ೧೯೭೫ರಲ್ಲಿ ಬಂದ ಆಲ್ಟೇರ್ ೮೮೦೦ ಎಂಬ ಯಂತ್ರದಲ್ಲಿ ಮುಂಬದಿಯ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡುತ್ತ ಮೊದಲ ಆದೇಶಗಳನ್ನು ಕೈಯಾರೆ ತುಂಬಬೇಕಾಗಿತ್ತು. ಅಷ್ಟರಲ್ಲಿ ವಿದ್ಯುತ್ತು ಹೋಯಿತೋ, ಮತ್ತೆ ಓನಾಮದಿಂದ ಆರಂಭ.

ಈಗ ಆ ಕಷ್ಟವಿಲ್ಲ. ಯಂತ್ರದ ತಾಯಿಹಲಗೆಯ ಮೇಲೆ ಒಂದು ಸಣ್ಣ ಬಿಲ್ಲೆಯಿದೆ. ಅದರಲ್ಲಿ ಬರೆದಿಟ್ಟಿರುವ ಆದೇಶಗಳು ವಿದ್ಯುತ್ತು ಹೋದರೂ ಅಳಿಯುವುದಿಲ್ಲ. ಇದೇ ಫರ್ಮ್‌ವೇರ್; ನಮ್ಮ ಉಪಮಾನದಲ್ಲಿ ಮನೆಯ ಹಿರಿಯರು. ಗುಂಡಿ ಒತ್ತಿದೊಡನೆ ಏಳುವುದು ಇದು. ಎದ್ದು ಮೊದಲು ಮೈಕೈ ಮುಟ್ಟಿ ನೋಡಿಕೊಳ್ಳುತ್ತದೆ: ಸ್ಮರಣೆಯ ಬಿಲ್ಲೆಗಳು ಸ್ವಸ್ಥವಾಗಿವೆಯೆ, ಕೀಲಿಮಣೆ ಇದೆಯೆ, ಪರದೆ ಇದೆಯೆ ಎಂದು. ಆಮೇಲೆ ಡಿಸ್ಕಿನ ಒಂದು ಮೂಲೆಯಲ್ಲಿ ಮಲಗಿರುವ ‘ಬೂಟ್ ಲೋಡರ್’ ಎಂಬ ಸಣ್ಣ ಆಳನ್ನು ಎಬ್ಬಿಸುತ್ತದೆ. ಆ ಆಳು ಎದ್ದು ‘ಕರ್ನಲ್’ ಎಂಬ ಯಜಮಾನನನ್ನು ಎಬ್ಬಿಸುತ್ತಾನೆ. ಕರ್ನಲ್ ಎಂದರೆ ತಿರುಳು. ಇಡೀ ವ್ಯವಸ್ಥೆಯ ಸಾರ. ಯಜಮಾನನು ಎದ್ದು ಮಿಕ್ಕ ನೂರಾರು ಕೆಲಸದವರನ್ನು ಎಬ್ಬಿಸುತ್ತಾನೆ. ಆಗ ನಮ್ಮ ಮುಂದೆ ಬಣ್ಣದ ಪರದೆ ತೆರೆದು, ಗುಪ್ತಪದವನ್ನು ಕೇಳುತ್ತದೆ. ನಾವು ಮೂವತ್ತು ಸೆಕೆಂಡು ಕಾಯುವುದಕ್ಕೇ ಬೇಸರಪಟ್ಟು ಮೇಜು ಕುಟ್ಟುತ್ತೇವೆ. ಅಷ್ಟರಲ್ಲಿ ಒಂದು ಸಂಸಾರವೇ ಎದ್ದು ನಿಂತಿರುತ್ತದೆ.

ಇಷ್ಟು ಪೀಠಿಕೆಗೆ ಕಾರಣವುಂಟು. ಒಂದು ಮುಂಗಾರಿನ ಸಂಜೆ ನಮ್ಮ ಮನೆಯ ಲ್ಯಾಪ್‌ಟಾಪು ಏಳದೆ ಹೋಯಿತು.

ಅದು ಎಂಟು ವರ್ಷದ ಮುದುಕ. ೨೦೨೧ರಲ್ಲಿ ವಿಂಡೋಸ್ ೧೧ ಬಂದಾಗ ಅದಕ್ಕೆ ಬೇಕಾದ ಭದ್ರತೆಯ ಅಂಗವಾಗಲಿ ಹೊಸ ಪ್ರಾಯದ ಮಿದುಳಾಗಲಿ ನಮ್ಮ ಯಂತ್ರದಲ್ಲಿರಲಿಲ್ಲ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯುವುದೆಂದು ಮೊದಲೇ ಪ್ರಕಟವಾಗಿತ್ತು. ಆದ್ದರಿಂದ ಲಿನಕ್ಸ್ ಮನೆತನಕ್ಕೆ ಸೇರಿದ ಒಂದು ವ್ಯವಸ್ಥೆಯನ್ನು ಅದಕ್ಕೆ ಹಾಕಿಸಿದ್ದೆವು. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಬರೆದು ಲೋಕಕ್ಕೆ ಹಂಚಿದ ಕರ್ನಲ್ಲೇ ಅದರ ತಿರುಳು. ಮುದುಕ ಆ ಮೇಲೆ ಚೆನ್ನಾಗಿಯೇ ಓಡಾಡಿಕೊಂಡಿದ್ದ. ಬ್ಯಾಟರಿಗೆ ಮಾತ್ರ ಮುಪ್ಪು ಬಂದು, ದಮ್ಮು ಕಟ್ಟಿದವರಂತೆ ಎರಡು ಮೂರು ನಿಮಿಷಕ್ಕೆ ಸೋಲುತ್ತಿತ್ತು.

ಯಂತ್ರ ಹೋದರೆ ಹೋಗಲಿ, ಅದರ ಬೆಲೆ ಈಗ ಒಂದು ಒಳ್ಳೆಯ ರೇಷ್ಮೆ ಸೀರೆಗೂ ಸಾಲದು. ಬೆಲೆಯಿದ್ದದ್ದು ಅದರೊಳಗಿದ್ದ ಹಾಡುಗಳಿಗೆ. ನನ್ನ ಅತ್ತೆಯವರಿಗೆ ಸಂಪ್ರದಾಯದ ಹಾಡುಗಳು ಬಹಳ ಬರುತ್ತಿದ್ದವು. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಬೀಗರನ್ನು ಮೂದಲಿಸುವ ಹಾಡು, ತೊಟ್ಟಿಲ ಹಾಡು, ಆರತಿಯ ಹಾಡು, ಹೀಗೆ. ಯಾವುದೂ ಪುಸ್ತಕದಲ್ಲಿ ಕಲಿತದ್ದಲ್ಲ. ಅವರ ತಾಯಿಯಿಂದ, ಸೋದರತ್ತೆಯರಿಂದ ಬಾಯಿಂದ ಬಾಯಿಗೆ ಬಂದದ್ದು. ನನ್ನ ಹೆಂಡತಿ ವರ್ಷಾರು ತಿಂಗಳಿಂದ ತಾಯಿಯನ್ನು ಕೂರಿಸಿಕೊಂಡು, ಲ್ಯಾಪ್‌ಟಾಪಿಗೆ ಒಂದು ಮೈಕು ಸಿಕ್ಕಿಸಿ, ಅವುಗಳನ್ನು ಒಂದೊಂದಾಗಿ ಧ್ವನಿಮುದ್ರಣ ಮಾಡುತ್ತಿದ್ದಳು. ಏಪ್ರಿಲಿನವರೆಗಿನ ಹಾಡುಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿತ್ತು. ಮೇ ತಿಂಗಳಲ್ಲಿ ಹಾಡಿದ ಹದಿನಾಲ್ಕು ಹಾಡುಗಳು ಮಾತ್ರ ಈ ಯಂತ್ರದಲ್ಲಿದ್ದವು. ಜೂನ್ ಮೊದಲ ವಾರದಲ್ಲಿ ಅತ್ತೆಯವರಿಗೆ ಪಾರ್ಶ್ವವಾಯು ತಗುಲಿತು. ಪ್ರಾಣ ಉಳಿಯಿತು, ಮಾತು ಉಳಿಯಲಿಲ್ಲ.

ಆ ಸಂಜೆ ಯಂತ್ರವು, ಈ ಆವೃತ್ತಿಯ ಕಾಲ ಮುಗಿಯುತ್ತ ಬಂದಿದೆ, ಹೊಸ ಆವೃತ್ತಿಗೆ ಏರಬೇಕು ಎಂದು ಕೆಲವು ದಿನಗಳಿಂದ ಹೇಳುತ್ತಿದ್ದುದನ್ನು ನನ್ನ ಹೆಂಡತಿ ನಡೆಸಿಕೊಟ್ಟಳು. ಚಾರ್ಜರನ್ನು ಸಿಕ್ಕಿಸಿದಳು, ಜಾಗ ಸಾಕಷ್ಟಿದೆಯೆಂದು ನೋಡಿದಳು, ಎಲ್ಲವೂ ವಿಧಿವತ್ತಾಗಿಯೇ ನಡೆಯಿತು. ನೂರರಲ್ಲಿ ಎಪ್ಪತ್ತು ಭಾಗ ಮುಗಿದಿತ್ತು. ಆಗ ಚಾಮುಂಡಿಬೆಟ್ಟದ ಕಡೆಯಿಂದ ಗುಡುಗು, ಮಿಂಚು, ಮಳೆ. ಇಡೀ ಬೀದಿಯ ದೀಪ ಆರಿತು. ಬ್ಯಾಟರಿ ಮೂರು ನಿಮಿಷ ಹೋರಾಡಿ ತಾನೂ ಕಣ್ಣು ಮುಚ್ಚಿತು. ಒಂಬತ್ತು ಗಂಟೆಗೆ ದೀಪ ಬಂದಾಗ ಗುಂಡಿ ಒತ್ತಿದರೆ, ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿ ಅಲ್ಲಿಯೇ ನಿಂತುವು. ನನ್ನ ಹೆಂಡತಿ ಒಂದು ಮಾತನ್ನೂ ಆಡದೆ ಒಳಗೆ ಹೋಗಿ ತಾಯಿಯ ಹಾಸಿಗೆಯ ಪಕ್ಕದಲ್ಲಿ ಕುಳಿತಳು.

ಮರುದಿನ ಬೆಳಿಗ್ಗೆ ಹಿತಚಿಂತಕರ ಪ್ರವೇಶವಾಯಿತು. ನಮ್ಮಲ್ಲಿ ಜ್ವರ ಬಂದವನಿಗೆ ಔಷಧಿ ಹೇಳದವರಾದರೂ ಸಿಕ್ಕಾರು, ಯಂತ್ರ ಕೆಟ್ಟವನಿಗೆ ಉಪಾಯ ಹೇಳದವರು ಸಿಕ್ಕುವುದಿಲ್ಲ. ಪಕ್ಕದ ಮನೆಯ ರಾಯರು ಬಂದು, ಕನ್ನಡಕವನ್ನು ಹಣೆಗೇರಿಸಿ, ಪರದೆಯನ್ನು ಬಗ್ಗಿ ನೋಡಿ, “ಇದಕ್ಕೆ ಒಂದೇ ದಾರಿ ಸ್ವಾಮಿ. ಫಾರ್ಮ್ಯಾಟ್ ಮಾಡಿಸಿಬಿಡಿ. ಹೊಸದರ ಹಾಗೆ ಆಗುತ್ತದೆ” ಎಂದರು. ಅಂಗಡಿಯ ಹುಡುಗ ದೂರವಾಣಿಯಲ್ಲಿಯೇ, “ಎಂಟುನೂರು ರೂಪಾಯಿ ಸಾರ್, ಸಂಜೆಯೊಳಗೆ ಕೊಡುತ್ತೇನೆ. ಒಳಗಿರುವುದಕ್ಕೆ ಮಾತ್ರ ನಾವು ಜವಾಬ್ದಾರರಲ್ಲ” ಎಂದ. ಇನ್ನೊಬ್ಬರು, ಡಿಸ್ಕೇ ಸುಟ್ಟಿರಬೇಕೆಂದರು. ಮತ್ತೊಬ್ಬರು, ಗುಂಡಿಯನ್ನು ಹತ್ತು ಹದಿನೈದು ಸಲ ಒತ್ತಿ ಒತ್ತಿ ಬಿಟ್ಟರೆ ತಾನೇ ಸರಿಹೋಗುವುದೆಂದರು. ಎಲ್ಲರ ಮಾತಿನಲ್ಲಿಯೂ ಒಂದು ಸಾಮ್ಯವಿತ್ತು: ಏನಾಗಿದೆಯೆಂದು ಯಾರೂ ಕೇಳಲಿಲ್ಲ, ಏನು ಮಾಡಬೇಕೆಂದು ಎಲ್ಲರೂ ಹೇಳಿದರು.

ಫಾರ್ಮ್ಯಾಟ್ ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಆಡುತ್ತೇವೆ! ಮನೆಯ ಬಾಗಿಲು ಬಿಗಿಯಾಯಿತೆಂದು ಮನೆಯನ್ನೇ ಕೆಡವಿ ಕಟ್ಟಿಸುವ ಉಪಾಯವದು. ಹಿಂದಿನ ತಿರುಗುವ ಡಿಸ್ಕುಗಳಲ್ಲಿಯಾದರೆ ಹೀಗೆ ಅಳಿಸಿದ ಮೇಲೂ ಎಷ್ಟೋ ವೇಳೆ ಹಳೆಯದನ್ನು ಹೆಕ್ಕಿ ತೆಗೆಯಬಹುದಾಗಿತ್ತು. ಈಗಿನ ಎಸ್.ಎಸ್.ಡಿ. ಎಂಬ ಡಿಸ್ಕುಗಳು ಬಹಳ ಚುರುಕು. ಈ ಜಾಗ ಇನ್ನು ಬೇಡವೆಂದು ವ್ಯವಸ್ಥೆಯು ಸೂಚಿಸಿದೊಡನೆ ತಾವೇ ಅದನ್ನು ಗುಡಿಸಿ ಸಾರಿಸಿಬಿಡುತ್ತವೆ. ಆಮೇಲೆ ಹುಡುಕಿದರೆ ಸಿಕ್ಕುವುದು ಬರಿಯ ಬಯಲು.

ನನ್ನ ಅಣ್ಣನ ಮಗಳು ಇಂಜಿನಿಯರಿಂಗ್ ಓದುತ್ತಿರುವವಳು. ಮಧ್ಯಾಹ್ನದ ಬಸ್ಸಿಗೆ ಬಂದಳು. ಬಂದವಳೇ ಯಂತ್ರದ ಹತ್ತಿರ ಹೋಗಲಿಲ್ಲ. ಕಾಲು ತೊಳೆದು, ಅಜ್ಜಿಯನ್ನು ಮಾತನಾಡಿಸಿ, ಊಟಕ್ಕೆ ಕುಳಿತು, ಅನ್ನ ಕಲಸುತ್ತ ಕೇಳಿದಳು: “ಚಿಕ್ಕಪ್ಪ, ಪರದೆಯ ಮೇಲೆ ಕೊನೆಗೆ ಏನು ಬಂದಿತ್ತು? ಅಕ್ಷರ ಬಿಡದೆ ಹೇಳಿ.” ನಾನು ಕಾಗದದ ಮೇಲೆ ಬರೆದಿಟ್ಟುಕೊಂಡದ್ದನ್ನು ತೋರಿಸಿದೆ. ಓದಿ ನಕ್ಕಳು. “ಚಿಕ್ಕಮ್ಮ, ಅಳಬೇಡಿ. ಇಷ್ಟು ಹೇಳುವಷ್ಟು ಎದ್ದಿದೆಯಲ್ಲ! ಅರ್ಧಕ್ಕಿಂತ ಹೆಚ್ಚು ದಾರಿ ಬಂದಿದೆ” ಎಂದಳು.

ಊಟವಾದ ಮೇಲೆ ಅವಳು ಹೇಳಿದ ಪಾಠವನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸುತ್ತೇನೆ. ಏಳದ ಯಂತ್ರಗಳೆಲ್ಲ ಒಂದೇ ಜಾತಿಯವಲ್ಲ. ಗುಂಡಿ ಒತ್ತಿದರೆ ದೀಪವೂ ಇಲ್ಲ, ಬೀಸಣಿಗೆಯ ಸದ್ದೂ ಇಲ್ಲವೆಂದರೆ ತೊಂದರೆ ಇರುವುದು ವಿದ್ಯುತ್ತಿನಲ್ಲಿ. ಚಾರ್ಜರನ್ನು, ಬ್ಯಾಟರಿಯನ್ನು ನೋಡಬೇಕು. ಚಾರ್ಜರನ್ನು ಕಳಚಿ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಳಗೆ ಉಳಿದ ವಿದ್ಯುತ್ತನ್ನು ಹರಿಯಬಿಟ್ಟು ಮತ್ತೆ ಪ್ರಯತ್ನಿಸಿದರೆ ಕೆಲವು ವೇಳೆ ಏಳುವುದುಂಟು. ದೀಪ ಹತ್ತಿ ಪರದೆ ಕಪ್ಪಾಗಿಯೇ ಇದ್ದು, ಯಂತ್ರವು ಕುಯ್ ಕುಯ್ ಎಂದರೆ ಅಥವಾ ದೀಪವನ್ನು ಮಿಟುಕಿಸಿದರೆ, ಅದು ಸ್ಮರಣೆಯ ಬಿಲ್ಲೆಯೋ ತಾಯಿಹಲಗೆಯೋ ಕೆಟ್ಟಿರುವ ಸಂಜ್ಞೆ. ಎಷ್ಟು ಸಲ ಮಿಟುಕಿಸಿತೆಂದು ಎಣಿಸಿ, ತಯಾರಕರ ಕೈಪಿಡಿಯಲ್ಲಿ ಅದರ ಅರ್ಥವನ್ನು ನೋಡಬೇಕು. ತಯಾರಕರ ಮುದ್ರೆ ಮೂಡಿ, ಆಮೇಲೆ ‘ಎಬ್ಬಿಸಬಹುದಾದ ಡಿಸ್ಕು ಇಲ್ಲ’ ಎಂದರೆ ಹಿರಿಯರು ಎದ್ದಿದ್ದಾರೆ, ಆಳು ಸಿಕ್ಕಿಲ್ಲ. ‘ಗ್ರಬ್’ ಎಂಬ ಒಂದು ಪದ ಬರೆದು ಕಣ್ಣು ಮಿಟುಕಿಸುತ್ತ ನಿಂತರೆ, ಆಳು ಎದ್ದಿದ್ದಾನೆ, ಯಜಮಾನ ಎಲ್ಲಿ ಮಲಗಿದ್ದಾನೆಂಬ ವಿಳಾಸವನ್ನು ಮರೆತಿದ್ದಾನೆ. ಲಿನಕ್ಸಿನ ಬೂಟ್ ಲೋಡರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದರ ಹೆಸರು ಗ್ರಬ್. ಬಣ್ಣದ ಪರದೆಯವರೆಗೆ ಬಂದು, ಗುಪ್ತಪದ ಕೊಟ್ಟೊಡನೆ ಮತ್ತೆ ಅಲ್ಲಿಗೇ ಹಿಂತಿರುಗಿದರೆ, ಯಜಮಾನ ಎದ್ದಿದ್ದಾನೆ. ಚಿತ್ರ ಬರೆಯುವ ಕೆಲಸದವನಿಗೋ ಬಳಕೆದಾರನ ಕಡತಗಳಿಗೋ ತೊಂದರೆಯಾಗಿದೆ. ಆದ್ದರಿಂದ ಮೊದಲ ಪ್ರಶ್ನೆ ‘ಏಕೆ ಏಳಲಿಲ್ಲ’ ಎಂಬುದಲ್ಲ. ‘ಎಲ್ಲಿಯವರೆಗೆ ಎದ್ದಿತು’ ಎಂಬುದು.

ನಮ್ಮ ಯಂತ್ರ ಬರೆದಿದ್ದ ಮಾತು ‘ಕರ್ನಲ್ ಪ್ಯಾನಿಕ್, ನಾಟ್ ಸಿಂಕಿಂಗ್’ ಎಂದು ಆರಂಭವಾಗಿ, ಮೂಲ ಕಡತಕೋಶವನ್ನು ತೆರೆಯಲಾಗಲಿಲ್ಲವೆಂದು ಮುಗಿದಿತ್ತು. ಇದರ ತಾತ್ಪರ್ಯವನ್ನು ಹುಡುಗಿ ವಿವರಿಸಿದಳು. ಕರ್ನಲ್ ಏಳುವಾಗ ಅದಕ್ಕೆ ಡಿಸ್ಕಿನ ದಾರಿ ಗೊತ್ತಿರಬೇಕೆಂದೇನೂ ಇಲ್ಲ. ಆ ದಾರಿಗೆ ಬೇಕಾದ ಸಾಮಗ್ರಿಯನ್ನು ಕಟ್ಟಿದ ಒಂದು ಸಣ್ಣ ಬುತ್ತಿಗಂಟನ್ನು ಬೂಟ್ ಲೋಡರು ಅದರ ಕೈಗೆ ಕೊಡುತ್ತದೆ. ಕರ್ನಲ್ ಆ ಬುತ್ತಿಯನ್ನು ಬಿಚ್ಚಿ, ಅದರಲ್ಲಿರುವ ಸಾಧನಗಳಿಂದ ಡಿಸ್ಕನ್ನು ಗುರುತಿಸಿ, ಒಳಗೆ ಪ್ರವೇಶಿಸುತ್ತದೆ. ಹೊಸ ಕರ್ನಲ್ಲನ್ನು ತಂದಾಗಲೆಲ್ಲ ಅದಕ್ಕೆ ತಕ್ಕ ಹೊಸ ಬುತ್ತಿಯನ್ನು ಕಟ್ಟಬೇಕು. ನಮ್ಮಲ್ಲಿ ಹೊಸ ಯಜಮಾನನು ಬಂದು ಕುಳಿತಿದ್ದ. ಬುತ್ತಿ ಕಟ್ಟುವುದಕ್ಕೆ ಮುಂಚೆ ದೀಪ ಹೋಗಿತ್ತು. ಬರಿಗೈಯಲ್ಲಿ ಎದ್ದ ಯಜಮಾನನಿಗೆ ಮನೆಯ ಬಾಗಿಲು ಕಾಣಲಿಲ್ಲ.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ಆ ಮಾತಿನ ಮೊದಲ ಭಾಗ. ಪ್ಯಾನಿಕ್ ಎಂದರೆ ಗಾಬರಿ. ಯಂತ್ರವೂ ಗಾಬರಿಯಾಗುವುದುಂಟೆಂದು ಅದನ್ನು ಕಟ್ಟಿದವರೇ ಒಪ್ಪಿ ಹೆಸರಿಟ್ಟಿದ್ದಾರೆ. ಅದರ ಮುಂದಿನ ‘ನಾಟ್ ಸಿಂಕಿಂಗ್’ ಎಂಬುದಕ್ಕೆ, ಸ್ಮರಣೆಯಲ್ಲಿರುವುದನ್ನು ಡಿಸ್ಕಿಗೆ ಇಳಿಸುತ್ತಿಲ್ಲ ಎಂದು ಅರ್ಥ. ಅಂದರೆ, ‘ಏನು ನಡೆಯುತ್ತಿದೆಯೆಂದು ನನಗೇ ತಿಳಿಯುತ್ತಿಲ್ಲ, ಇಂಥ ಸ್ಥಿತಿಯಲ್ಲಿ ಡಿಸ್ಕಿನ ಮೇಲೆ ಏನನ್ನಾದರೂ ಬರೆದರೆ ಇರುವುದೂ ಕೆಟ್ಟೀತು, ಆದ್ದರಿಂದ ಕೈಕಟ್ಟಿ ನಿಂತಿದ್ದೇನೆ’ ಎಂದು ಅದು ಹೇಳಿದಂತಾಯಿತು. ಗಾಬರಿಯಾದ ಕೂಡಲೆ ಯಂತ್ರವು ಕೈ ಕಟ್ಟಿಕೊಳ್ಳುತ್ತದೆ. ಗಾಬರಿಯಾದ ಕೂಡಲೆ ಮನುಷ್ಯನ ಕೈ ಓಡತೊಡಗುತ್ತದೆ. ಆ ರಾತ್ರಿ ನಮ್ಮ ಮನೆಯಲ್ಲಿ ಹಾಡುಗಳನ್ನು ಕಾಯುತ್ತಿದ್ದದ್ದು ಆ ಕಪ್ಪು ಪರದೆಯೇ. ಅದನ್ನು ನಾವು ಮರಣಪತ್ರವೆಂದು ಓದಿದ್ದೆವು.

“ದೀಪ ಹೋದಾಗ ಬರೆಯುತ್ತಿದ್ದದ್ದು ಅರ್ಧವಾಗಿ, ಎಲ್ಲ ಕಲಸಿಹೋಗಿದ್ದರೆ?” ಎಂದು ನನ್ನ ಹೆಂಡತಿ ಕೇಳಿದಳು. ಅದಕ್ಕೂ ವ್ಯವಸ್ಥೆ ಉಂಟಂತೆ. ಮಂಡಿಯ ವರ್ತಕರು ದಿನದ ವ್ಯವಹಾರವನ್ನು ಮೊದಲು ಕೀರ್ದಿಯಲ್ಲಿ ಬರೆದು, ಅಲ್ಲಿಂದ ಖಾತೆಪುಸ್ತಕಕ್ಕೆ ಏರಿಸುತ್ತಾರಲ್ಲವೆ? ಲಿನಕ್ಸಿನಲ್ಲಿ ೨೦೦೮ರಿಂದ ಬಳಕೆಗೆ ಬಂದ ಎಕ್ಸ್‌ಟ್-೪ ಎಂಬ ಕಡತಪದ್ಧತಿಯೂ, ಅದರ ಹಿಂದಿನ ಎಕ್ಸ್‌ಟ್-೩ ಕೂಡ, ಡಿಸ್ಕಿನ ಜಾಗದ ಲೆಕ್ಕಾಚಾರವನ್ನು ಹೀಗೆಯೇ ಮೊದಲು ಕೀರ್ದಿಯಲ್ಲಿ ಬರೆಯುತ್ತವೆ. ನಡುವೆ ದೀಪ ಹೋದರೆ, ಮತ್ತೆ ತೆರೆದಾಗ ಕೀರ್ದಿಯನ್ನು ಓದಿ, ಪೂರ್ತಿ ಬರೆದಿರುವುದನ್ನು ಖಾತೆಗೆ ಏರಿಸಿ, ಅರ್ಧ ಬರೆದಿರುವುದನ್ನು ಹೊಡೆದುಹಾಕುತ್ತವೆ. ಅದಲ್ಲದೆ ಹಾಡುಗಳು ಮೇ ತಿಂಗಳಲ್ಲಿಯೇ ಬರೆದು ಮುಗಿದವು. ಆ ಸಂಜೆ ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ಯಜಮಾನನನ್ನು ಬದಲಾಯಿಸುವಾಗ ಉಗ್ರಾಣದ ಅಕ್ಕಿಯನ್ನು ಯಾರು ತಾನೇ ತೆಗೆದು ಚೆಲ್ಲುತ್ತಾರೆ?

ಅವಳು ಮಾಡಿದ ಚಿಕಿತ್ಸೆಯ ಕ್ರಮ ಹೀಗಿತ್ತು. ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ವ್ಯವಸ್ಥೆಯ ಪ್ರತಿಯನ್ನು ಇಳಿಸಿಕೊಂಡು ಒಂದು ಪೆನ್‌ಡ್ರೈವಿಗೆ ಬರೆದಳು. ಇದಕ್ಕೆ ‘ಲೈವ್’ ಪ್ರತಿ ಎಂದು ಹೆಸರು. ಡಿಸ್ಕಿನ ಹಂಗಿಲ್ಲದೆ ಪೆನ್‌ಡ್ರೈವಿನಿಂದಲೇ ಎದ್ದು ನಿಲ್ಲುವ ಶಕ್ತಿ ಅದಕ್ಕುಂಟು. ನಮ್ಮ ಯಂತ್ರಕ್ಕೆ ಅದನ್ನು ಸಿಕ್ಕಿಸಿ, ಗುಂಡಿ ಒತ್ತಿದೊಡನೆ ಎಫ್ ೧೨ ಕೀಲಿಯನ್ನು ತಟ್ಟಿದಳು. ತಯಾರಕರಿಗೆ ತಕ್ಕಂತೆ ಈ ಕೀಲಿ ಬೇರೆ ಬೇರೆ. ಯಾವುದರಿಂದ ಏಳಲಿ ಎಂದು ಹಿರಿಯರು ಕೇಳಿದರು, ಪೆನ್‌ಡ್ರೈವಿನಿಂದ ಎಂದಳು. ಆಗ ಪರದೆಯ ಮೇಲೆ ಎರಡು ದಾರಿಗಳು ಕಂಡವು: ಒಂದು, ಸ್ಥಾಪಿಸು; ಇನ್ನೊಂದು, ಸ್ಥಾಪಿಸದೆ ಬಳಸಿ ನೋಡು. “ಇಲ್ಲಿ ಕೈ ನಡುಗಬಾರದು ಚಿಕ್ಕಪ್ಪ. ಮೊದಲನೆಯದನ್ನು ಒತ್ತಿ ಮುಂದೆ ಮುಂದೆ ಹೋದರೆ ಹಾಡೂ ಇಲ್ಲ, ಪಾಡೂ ಇಲ್ಲ” ಎನ್ನುತ್ತ ಎರಡನೆಯದನ್ನು ಒತ್ತಿದಳು.

ಸ್ವಲ್ಪ ಹೊತ್ತಿನಲ್ಲಿ ಪರಕೀಯನೊಬ್ಬ ನಮ್ಮ ಮನೆಯಲ್ಲಿ ಎದ್ದು ನಿಂತಂತೆ ಹೊಸ ಪರದೆ ತೆರೆಯಿತು. ಅದರೊಳಗಿಂದ ಅವಳು ನಮ್ಮ ಡಿಸ್ಕನ್ನು, ಬರೆಯುವುದಕ್ಕಲ್ಲ, ಓದುವುದಕ್ಕೆ ಮಾತ್ರವೆಂದು ತೆರೆದಳು. ಮೊದಲು ನನ್ನ ಹೆಂಡತಿಯ ಹೆಸರಿನ ಕೋಶ, ಅದರೊಳಗೆ ‘ಅಮ್ಮ’ ಎಂಬ ಕೋಶ, ಅದರೊಳಗೆ ತಿಂಗಳುಗಳ ಹೆಸರು. ಮೇ ಎಂಬುದನ್ನು ತೆರೆದಾಗ ಹದಿನಾಲ್ಕು ಸಾಲುಗಳು ಒಂದರ ಕೆಳಗೊಂದು ಕಂಡವು. ನನ್ನ ಹೆಂಡತಿ ಅವುಗಳನ್ನು ಬೆರಳಿಟ್ಟು ಎರಡು ಸಲ ಎಣಿಸಿದಳು. ಹುಡುಗಿ ಹೊರಗಿನ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಮೂರು ನಾಲ್ಕನ್ನು ನುಡಿಸಿ ನೋಡಿ, ಆಮೇಲೆಯೇ “ಇನ್ನು ದುರಸ್ತಿಗೆ ಕೈ ಹಾಕೋಣ” ಎಂದಳು. ಈ ಕ್ರಮವನ್ನು ವಾಚಕರು ಗಮನಿಸಬೇಕು. ಮೊದಲು ಉಗ್ರಾಣವನ್ನು ಖಾಲಿ ಮಾಡಿ ಸುರಕ್ಷಿತವಾಗಿಡುವುದು; ಬಾಗಿಲಿನ ರಿಪೇರಿ ಆಮೇಲೆ.

ದುರಸ್ತಿ ಬಹಳ ಸುಲಭವಾಗಿ ನಡೆಯಿತು. ಅದಕ್ಕೆ ಕಾರಣವಾದ ಸಂಗತಿ ನನಗೆ ತುಂಬ ಹಿಡಿಸಿತು. ಈ ವ್ಯವಸ್ಥೆಯು ಹೊಸ ಕರ್ನಲ್ಲನ್ನು ತಂದಾಗ ಹಿಂದಿನದನ್ನು ಆ ಕ್ಷಣವೇ ಹೊರಗೆ ಕಳುಹಿಸುವುದಿಲ್ಲ. ಹೊಸದು ನೆಟ್ಟಗೆ ನಡೆಯುವುದೆಂದು ಖಚಿತವಾಗುವವರೆಗೆ ಹಳೆಯದನ್ನೂ ಅದರ ಬುತ್ತಿಯನ್ನೂ ಹಾಗೆಯೇ ಇಟ್ಟಿರುತ್ತದೆ. ಹುಡುಗಿ ಪೆನ್‌ಡ್ರೈವನ್ನು ಕಿತ್ತು, ಯಂತ್ರವನ್ನು ಮತ್ತೆ ಎಬ್ಬಿಸಿ, ಎಸ್ಕೇಪ್ ಕೀಲಿಯಿಂದ ಗ್ರಬ್ಬಿನ ಪಟ್ಟಿಯನ್ನು ತೆರೆಸಿ, ಹೆಚ್ಚಿನ ಆಯ್ಕೆಗಳು ಎಂಬಲ್ಲಿ ಹಳೆಯ ಕರ್ನಲ್ಲನ್ನು ಆರಿಸಿದಳು. ಹಳೆಯ ಯಜಮಾನ ಗೊಣಗದೆ ಎದ್ದು ಬಂದ. ಅವನ ಆಶ್ರಯದಲ್ಲಿ ನಿಂತು, ಅರ್ಧಕ್ಕೆ ನಿಂತಿದ್ದ ಸ್ಥಾಪನೆಯನ್ನು ಪೂರ್ಣಗೊಳಿಸುವ ಆದೇಶ ಕೊಟ್ಟಳು; ಹೊಸ ಕರ್ನಲ್ಲಿಗೆ ಬುತ್ತಿ ಕಟ್ಟಿಸಿದಳು; ಗ್ರಬ್ಬಿನ ವಿಳಾಸಪಟ್ಟಿಯನ್ನು ಹೊಸದಾಗಿ ಬರೆಸಿದಳು. ಅರ್ಧ ಗಂಟೆ ಹಿಡಿಯಿತು. ಮತ್ತೆ ಎಬ್ಬಿಸಿದಾಗ ಹೊಸ ಯಜಮಾನ ಬುತ್ತಿಯನ್ನು ಹಿಡಿದು ನೇರವಾಗಿ ಬಾಗಿಲಿಗೆ ಬಂದ. ಹಳೆಯದು ಸಿಕ್ಕದಿದ್ದರೂ ಲೈವ್ ಪೆನ್‌ಡ್ರೈವಿನ ಮೂಲಕ ಒಳಹೊಕ್ಕು ಇದೇ ಕೆಲಸವನ್ನು ಮಾಡಬಹುದಿತ್ತಂತೆ. ದಾರಿ ಸ್ವಲ್ಪ ಸುತ್ತು, ಅಷ್ಟೆ.

ವಿಂಡೋಸ್ ಬಳಸುವ ಮನೆಗಳಿಗೂ ಇಂಥ ಹಿಂಬಾಗಿಲು ಇದೆ. ಎರಡು ಮೂರು ಸಲ ಏಳಲಾರದೆ ಹೋದರೆ ಅದು ತಾನಾಗಿಯೇ ದುರಸ್ತಿಯ ಪರದೆಯನ್ನು ತೆರೆಯುತ್ತದೆ. ಅಲ್ಲಿ ಈಚೆಗೆ ಹಾಕಿದ ನವೀಕರಣವನ್ನು ತೆಗೆದುಹಾಕುವ ಅನುಕೂಲವುಂಟು. ದೊಡ್ಡ ಆವೃತ್ತಿಯನ್ನು ಏರಿದ್ದರೆ, ಸಾಮಾನ್ಯವಾಗಿ ೧೦ ದಿನಗಳವರೆಗೆ ಹಿಂದಿನದಕ್ಕೆ ಮರಳುವ ಅವಕಾಶವನ್ನು ಅದು ಉಳಿಸಿಕೊಂಡಿರುತ್ತದೆ.

ಇದು ಮುದುಕ ಯಂತ್ರಗಳ, ಮಳೆಗಾಲದ ಬೀದಿಗಳ ಕಷ್ಟವೆಂದು ಯಾರೂ ತಿಳಿಯಬಾರದು. ೨೦೨೪ರ ಜುಲೈ ೧೯ರಂದು ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ, ವಿಂಡೋಸ್ ನಡೆಯುತ್ತಿದ್ದ ಯಂತ್ರಗಳು ನೀಲಿ ಪರದೆಯನ್ನು ತೋರಿಸಿ, ಏಳುವುದು ಬೀಳುವುದು ಎಂದು ಸುತ್ತತೊಡಗಿದವು. ಮೈಕ್ರೋಸಾಫ್ಟಿನ ಅಂದಾಜಿನಂತೆ ಅವುಗಳ ಸಂಖ್ಯೆ ೮೫ ಲಕ್ಷ. ವಿಮಾನಗಳು ನಿಂತವು, ಆಸ್ಪತ್ರೆಗಳು ತೊಂದರೆಗೊಳಗಾದವು, ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯ್ಯಲ್ಲಿ ಬರೆದುಕೊಟ್ಟರು. ಸಂಸ್ಥೆಯು ಒಂದೂವರೆ ಗಂಟೆಯೊಳಗೆ ತನ್ನ ಕಡತವನ್ನು ಹಿಂತೆಗೆದುಕೊಂಡಿತು. ಆದರೆ ಏಳಲಾರದ ಯಂತ್ರಕ್ಕೆ ಮದ್ದು ಕಳುಹಿಸುವುದು ಹೇಗೆ? ಕೊನೆಗೆ ಎಷ್ಟೋ ಕಡೆಗಳಲ್ಲಿ ಮನುಷ್ಯರು ಒಂದೊಂದು ಯಂತ್ರದ ಮುಂದೆಯೂ ಕುಳಿತು, ಅದನ್ನು ಸುರಕ್ಷಿತ ಕ್ರಮದಲ್ಲಿ ಅರ್ಧಂಬರ್ಧ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ಅವರು ಲಕ್ಷಾಂತರ ಯಂತ್ರಗಳನ್ನು ಫಾರ್ಮ್ಯಾಟ್ ಮಾಡಲಿಲ್ಲ. ಕಳಚಿದ ಕೊಂಡಿಯನ್ನು ಹುಡುಕಿ ಅದೊಂದನ್ನೇ ಸರಿಪಡಿಸಿದರು. ಆ ದಿನ ಮತ್ತೊಂದು ತೊಡಕೂ ಬಂದಿತು. ಡಿಸ್ಕನ್ನು ಬಿಟ್‌ಲಾಕರ್ ಎಂಬ ಬೀಗದಿಂದ ಭದ್ರಪಡಿಸಿದ್ದ ಯಂತ್ರಗಳು, ೪೮ ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಕೊಡದೆ ಬಾಗಿಲು ತೆರೆಯೆವೆಂದವು. ಸಂಖ್ಯೆಯ ಪಟ್ಟಿ ಇದ್ದದ್ದೂ ಕೆಲವೆಡೆ ಏಳದ ಯಂತ್ರದಲ್ಲಿಯೇ!

ಅಂದು ಸಂಜೆ ಅತ್ತೆಯವರ ಕೋಣೆಯಲ್ಲಿ ಲ್ಯಾಪ್‌ಟಾಪನ್ನು ಇಟ್ಟು ಮೇ ತಿಂಗಳ ಹಾಡುಗಳನ್ನು ಹಾಕಿದೆವು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಎಡಗೈಯ ಬೆರಳುಗಳು ಹೊದಿಕೆಯ ಮೇಲೆ ತಾಳ ಹಾಕುತ್ತಿದ್ದವು. ಉರುಟಣೆಯ ಹಾಡಿನ ನಡುವೆ ಥಟ್ಟನೆ ಕಣ್ಣು ತೆರೆದು ಕೈ ಎತ್ತಿದರು. ನನ್ನ ಹೆಂಡತಿ ನಿಲ್ಲಿಸಿದಳು. ಅತ್ತೆಯವರು ಒಂದು ಬೆರಳನ್ನು ತೋರಿಸಿ ತಲೆಯಾಡಿಸಿದರು. ಒಂದು ನುಡಿ ಬಿಟ್ಟುಹೋಗಿದೆಯೆಂದು ಅದರ ಅರ್ಥ. ಯಾವ ನುಡಿಯೆಂದು ಹೇಳಲು ಅವರಿಗೆ ಬಾಯಿಲ್ಲ, ಕೇಳಿ ತಿಳಿಯಲು ನಮಗೆ ಬೇರೆ ಯಾರೂ ಇಲ್ಲ. ಆ ನುಡಿ ಯಾವ ಡಿಸ್ಕಿನಲ್ಲಿಯೂ ಇಲ್ಲ. ಅದನ್ನು ತೆರೆಯುವ ಲೈವ್ ಪ್ರತಿಯನ್ನು ಯಾರೂ ಬರೆದಿಲ್ಲ. ಉಳಿದ ಹದಿನಾಲ್ಕು ಹಾಡುಗಳ ಬೆಲೆ ನಮಗೆ ಪೂರ್ತಿ ತಿಳಿದದ್ದು ಆ ಬೆರಳನ್ನು ನೋಡಿದಾಗ.

ಈಗ ನಮ್ಮ ಮನೆಯ ಬೀರುವಿನಲ್ಲಿ, ಮನೆಪತ್ರ ಜಾತಕಗಳಿರುವ ಪೆಟ್ಟಿಗೆಯಲ್ಲಿ, ಮೂರು ಹೊಸ ವಸ್ತುಗಳು ಸೇರಿವೆ. ಒಂದು, ಹಾಡುಗಳ ಪೂರ್ಣ ಪ್ರತಿಯಿರುವ ಡಿಸ್ಕು. ಅದರ ಇನ್ನೊಂದು ಪ್ರತಿ ಅಣ್ಣನ ಮನೆಯಲ್ಲಿದೆ, ಒಂದೇ ಮನೆಯಲ್ಲಿ ಎರಡಿದ್ದರೆ ಒಂದೇ ಮಳೆ ಎರಡನ್ನೂ ನೆನೆಸೀತೆಂದು. ಎರಡು, ಯಂತ್ರವನ್ನು ಎಬ್ಬಿಸುವ ಪೆನ್‌ಡ್ರೈವು. ಯಂತ್ರ ಚೆನ್ನಾಗಿರುವಾಗಲೇ ಬರೆದು, ಒಂದು ಸಲ ಎಬ್ಬಿಸಿ ನೋಡಿಟ್ಟದ್ದು. ಮೂರು, ಗುಪ್ತಪದಗಳನ್ನೂ ಬೀಗದ ಸಂಖ್ಯೆಗಳನ್ನೂ ಮಸಿಯಲ್ಲಿ ಬರೆದ ಒಂದು ಕಾಗದ. ಮುದುಕನಿಗೆ ಹೊಸ ಬ್ಯಾಟರಿ ಬಂದಿದೆ. ಇವಕ್ಕೆಲ್ಲ ತಗುಲಿದ ವೆಚ್ಚ ಒಂದು ಸಾಧಾರಣ ಮದುವೆಗೆ ಕೊಡುವ ಉಡುಗೊರೆಯಷ್ಟೂ ಇಲ್ಲ.

ಆದರೆ ಈ ಮೂರಕ್ಕಿಂತ ಮೇಲಾದ ಉಪಕರಣವನ್ನು ಹುಡುಗಿ ಬರುವಾಗ ಊರಿನಿಂದ ತಂದಿರಲಿಲ್ಲ, ಹೋಗುವಾಗ ತೆಗೆದುಕೊಂಡೂ ಹೋಗಲಿಲ್ಲ. ಅದು, ಊಟ ಮಾಡುತ್ತ ಅವಳು ಕೇಳಿದ ಪ್ರಶ್ನೆ. ವಾಚಕರ ಮನೆಯಲ್ಲಿಯೂ ಎಂದಾದರೊಂದು ದಿನ ಯಂತ್ರ ಏಳದೆ ಹೋದೀತು. ಆಗ ಪಕ್ಕದ ಮನೆಯ ರಾಯರಿಗೆ ಕಾಫಿ ಕೊಟ್ಟು ಕಳುಹಿಸಿಬಿಡಿ. ಪರದೆಯ ಮೇಲೆ ಕೊನೆಗೆ ಕಂಡ ಮಾತನ್ನು ಒಂದು ಕಾಗದದ ಮೇಲೆ ಅಕ್ಷರ ಬಿಡದೆ ಬರೆದುಕೊಳ್ಳಿ. ಅದು ಎಲ್ಲಿಯವರೆಗೆ ಎದ್ದಿದೆಯೆಂದು ತಿಳಿಯುವವರೆಗೆ ಯಾವ ಗುಂಡಿಯನ್ನೂ ಒತ್ತಬೇಡಿ.